‘ಹೂಂ ಮೇಡಂ’ ಅಂದರೆ ಅರ್ಥ ಆಯ್ತು ಅಂತಲ್ಲ

ತಂಗಿ ಐದು ತಿಂಗಳ ಬಸುರಿಯಾಗಿದ್ದಾಗ ಚೆಕಪ್‌ಗೆ ಅಂತ ಚಿಂತಾಮಣಿ ಕಡೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಕೇಳಿದರು, “ಕಬ್ಬಿಣದ ಮಾತ್ರೆ ತಗೋತಿದ್ದೀಯಮ್ಮಾ?” “ಹೂಂ ಮೇಡಂ.” “ಏನೂ ತೊಂದರೆ ಇಲ್ಲ ತಾನೇ?” “ಇಲ್ಲ ಮೇಡಂ.” ಡಾಕ್ಟರು ಬಸುರಿಯರ ‘ತಾಯಿ ಕಾರ್ಡಿ’ನಲ್ಲಿ ಏನೋ ಬರೆದರು, ಮುಂದಿನವರನ್ನು ಕರೆದರು. ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ಬಾಯಿ ಬಿಟ್ಟಳು: ಮಾತ್ರೆ ಬಿಟ್ಟು ಮೂರು ವಾರ ಆಗಿದೆ, ಕಕ್ಕಸು ಕಪ್ಪಗೆ ಹೋಗ್ತಿತ್ತು, ಹೆದರಿಕೆ ಆಯ್ತು, ಅದರ ಮೇಲೆ ಪಕ್ಕದ ಮನೆ ಅಜ್ಜಿ ಬೇರೆ ಮಗು ಕಪ್ಪಾಗುತ್ತೆ ಅಂದಿದ್ದರು.

ನುಂಗಿದ ಕಬ್ಬಿಣವನ್ನೆಲ್ಲ ನಮ್ಮ ಕರುಳು ಹೀರಿಕೊಳ್ಳುವುದಿಲ್ಲ. ಉಳಿದದ್ದು ಹೊರಗೆ ಹೋಗುತ್ತೆ, ಅದರಿಂದಲೇ ಆ ಕಪ್ಪು. ಮಗುವಿನ ಬಣ್ಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಬಸುರಿಯರಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಮ್ಮಿ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ಅದಕ್ಕೇ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ಮಾತ್ರೆ ಕೊಡೋದು. ಈ ಕಪ್ಪಿನ ವಿಷಯ ಹೇಳಲು ಅರ್ಧ ನಿಮಿಷ ಸಾಕಿತ್ತು. ಆದರೆ ಹೊರಗೆ ಕ್ಯೂ ನೋಡಿದ್ದೆನಲ್ಲ, ಡಾಕ್ಟರನ್ನೇ ಬೈಯಲು ಮನಸ್ಸು ಬರಲಿಲ್ಲ.

ತೊಂದರೆ ಇರೋದು ಪ್ರಶ್ನೆಯಲ್ಲೇ. “ತೊಂದರೆ ಇಲ್ಲ ತಾನೇ” ಅಂದರೆ ಯಾರು ತಾನೇ ಇದೆ ಅಂತಾರೆ? ಐದು ತಿಂಗಳು ದಾಟಿದ ಮೇಲೆ ಬಿಡದ ತಲೆನೋವು, ಕಣ್ಣು ಮಂಜಾಗೋದು, ಮುಖ ಊದಿಕೊಳ್ಳೋದು ಇದ್ದರೆ ಬಿಪಿ ಏರಿರಬಹುದು. 140/90 ಆದರೆ ಹುಷಾರಾಗಿರಬೇಕು. ಇವನ್ನು ಒಂದೊಂದಾಗಿ ಹೆಸರು ಹಿಡಿದು ಕೇಳಿದರೇನೇ ಉತ್ತರ ಬರೋದು. ನಮ್ಮ ಕಡೆ ಭಾಷೆಯ ತಾಪತ್ರಯವೂ ಉಂಟು. ಬಾಗೇಪಲ್ಲಿ ಕಡೆಯ ತೆಲುಗು ಹೆಂಗಸು “ಕಳ್ಳು ತಿರುಗುತುನ್ನಾಯಿ” ಅಂದರೆ ತಲೆ ಸುತ್ತುತ್ತಿದೆ ಅಂತ; ತೆಲುಗಿನಲ್ಲಿ ಕಳ್ಳು ಅಂದರೆ ಕಣ್ಣು. ಹೊಸದಾಗಿ ಬಂದ ಡಾಕ್ಟರಿಗೆ ಕಳ್ಳು ಅಂದರೆ ಕುಡಿಯೋ ಕಳ್ಳೇ ನೆನಪಾದೀತು, ಅಲ್ವಾ?

2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಗೆ ಮುಂಚೆ ಕಡೇಪಕ್ಷ 8 ಸಲ ತಪಾಸಣೆ ಆಗಬೇಕು ಅಂದಾಗ, ‘ಭೇಟಿ’ ಅನ್ನೋ ಪದ ಬಿಟ್ಟು ‘ಸಂಪರ್ಕ’ ಅನ್ನೋದನ್ನು ಬೇಕೆಂದೇ ಆರಿಸಿಕೊಂಡಿತು. ಸುಮ್ನೆ ಬಂದು ಹೋಗೋದನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ.

ಮುಂದಿನ ತಿಂಗಳು 9ನೇ ತಾರೀಕು, ಸರ್ಕಾರದ ಬಸುರಿಯರ ತಪಾಸಣೆ ದಿನ, ಮತ್ತೆ ಹೋದೆವು. ಈ ಸಲ ಒಬ್ಬರು ನರ್ಸಕ್ಕ ಎಲ್ಲ ಹೇಳಿ ಮುಗಿಸಿ “ಅರ್ಥ ಆಯ್ತಾ” ಅಂತ ಕೇಳಲೇ ಇಲ್ಲ. “ಮನೆಗೆ ಹೋಗಿ ನಿಮ್ಮತ್ತೆಗೆ ಏನಂತ ಹೇಳ್ತೀಯಾ, ಹೇಳು ನೋಡೋಣ” ಅಂದರು. ತಂಗಿ ಬಣ್ಣದ ವಿಷಯ ಸರಿಯಾಗೇ ಹೇಳಿದಳು. ಆಮೇಲೆ, “ಬೆಳಗ್ಗೆ ಟೀ ಜೊತೆ ನುಂಗ್ತೀನಿ ಅಕ್ಕಾ.”

ನರ್ಸಕ್ಕ ನಕ್ಕು, “ಟೀ ಜೊತೆ ಬೇಡ ಕಣಮ್ಮಾ, ಕಬ್ಬಿಣ ಮೈಗೆ ಹತ್ತಲ್ಲ. ನಿಂಬೆ ಪಾನಕ ಮಾಡ್ಕೋ. ಈಗ ಇನ್ನೊಂದ್ಸಲ ಹೇಳು” ಅಂದರು.