ಒಪ್ಪೋಲೆಯ ಪುಟಗಳೂ ಉಳಿಯಬೇಕು

1563ರ ಏಪ್ರಿಲ್ 10ರಂದು ಗೋವಾದಲ್ಲಿ ಅಚ್ಚಾಗಿ ಹೊರಬಂದ ಗಾರ್ಸಿಯಾ ದ ಓರ್ತಾನ ‘ಕೊಲೊಕ್ವಿಯೊಸ್’ನ ಕೊನೆಯಲ್ಲಿ ಸುಮಾರು 20 ಪುಟಗಳಷ್ಟು ಒಪ್ಪೋಲೆ, ಅಂದರೆ ಅಚ್ಚಿನ ತಪ್ಪುಗಳ ಪಟ್ಟಿ, ಇದೆ. ಪಣಜಿಯ ಚರ್ಚ್ ಎದುರಿನ ಉದ್ಯಾನಕ್ಕೆ ಈ ವೈದ್ಯನದೇ ಹೆಸರು. ಮೆಣಸು, ಭಂಗಿ, ಮಾವು, ಕಾಲರಾ ಎಲ್ಲವನ್ನೂ ಇಬ್ಬರ ಮಾತುಕತೆಯ ರೂಪದಲ್ಲಿ ಆತ ಪೋರ್ಚುಗೀಸಿನಲ್ಲಿ ಬರೆದ. ಪೋರ್ಚುಗೀಸ್ ಕವಿ ಕಮೋಯಿಸ್‌ನ ಪದ್ಯ ಮೊದಲು ಅಚ್ಚು ಕಂಡದ್ದೂ ಇದರಲ್ಲೇ. ಇಥಿಯೋಪಿಯಾಕ್ಕೆಂದು ಹೊರಟ ಮುದ್ರಣಯಂತ್ರ 1556ರಲ್ಲಿ ಗೋವಾದಲ್ಲೇ ಉಳಿದು ಇನ್ನೂ ಏಳೇ ವರ್ಷ. ಮುದ್ರಕ ಜೋವಾನೆಸ್ ದ ಎಂಡೆಮ್ ಎಷ್ಟು ಹೆಣಗಿದನೆಂಬುದು ಆ ತಪ್ಪುಗಳಲ್ಲೇ ಓದಿಕೊಳ್ಳುವಂತಿದೆ. ಇಂಥ ಹಳೆಯ ಪುಸ್ತಕವನ್ನು ದುರಸ್ತಿಯ ಹೆಸರಲ್ಲಿ ‘ಚೆನ್ನಾಗಿ ಕಾಣುವಂತೆ’ ಮಾಡಹೊರಟರೆ ಮೊದಲು ಅಳಿಯುವುದು ಈ ಸಾಕ್ಷ್ಯವೇ.

ಆದ್ದರಿಂದ ಅಂಟಿನ ಬಟ್ಟಲು ಮುಟ್ಟುವ ಮುನ್ನ ಹಾಳೆಗಳ ಲೆಕ್ಕ ಆಗಬೇಕು. ಪುಟಸಂಖ್ಯೆಯನ್ನು ನಂಬಬೇಡಿ, ಆ ಕಾಲದ ಅಚ್ಚಿನಲ್ಲಿ ಅದೇ ತಪ್ಪಿರುತ್ತದೆ. ಹಾಳೆಯ ಅಡಿಯಲ್ಲಿರುವ, ಮಡಿಕೆಗಳ ಕ್ರಮ ತೋರಿಸುವ ಅಕ್ಷರ, ಮುಂದಿನ ಪುಟದ ಮೊದಲ ಪದವನ್ನು ಸೂಚಿಸುವ ಅಡಿಪದ, ಎರಡನ್ನೂ ತಾಳೆ ನೋಡಿ. ಇದು ಕ್ವಾರ್ಟೊ, ಅಂದರೆ ಕಾಗದವನ್ನು ಎರಡು ಬಾರಿ ಮಡಿಸಿ ನಾಲ್ಕು ಹಾಳೆ ಮಾಡಿದ್ದು. ಬೆಳಕಿಗೆ ಹಿಡಿದರೆ ಕಾಗದ ತಯಾರಿಸಿದ ಜರಡಿಯ ದಪ್ಪ ತಂತಿಗೆರೆಗಳು ಅಡ್ಡಕ್ಕೆ ಕಾಣಬೇಕು, ನೀರುಗುರುತು (ವಾಟರ್‌ಮಾರ್ಕ್) ಬೆನ್ನಿನ ಮಡಿಕೆಯಲ್ಲಿ ಸಿಕ್ಕಬೇಕು. ಕಾಣದಿದ್ದರೆ ಮರುಮುದ್ರಣವಿರಬಹುದು, ಲಿಸ್ಬನ್ನಿನಲ್ಲಿ 1872ರಲ್ಲೇ ಒಂದು ಬಂದಿದೆ.

ಚಿಂದಿಬಟ್ಟೆಯ ಆ ಕಾಗದ ಗಟ್ಟಿ, ಅದನ್ನು ಕೆಡಿಸುವುದು ಹೆಚ್ಚಾಗಿ ನಮ್ಮ ಕೈ. ಸುಕ್ಕು ಬಿಡಿಸಲು ಹಾಳೆ ನೆನೆಸಿ ಭಾರಿ ಪ್ರೆಸ್ಸಿನಲ್ಲಿ ಒತ್ತಿದರೆ ಅಚ್ಚುಮೊಳೆ ಕೊರೆದ ಗುಳಿ ಸಮತಟ್ಟಾಗುತ್ತದೆ, ಅದು ಮರಳಿ ಬಾರದು. ಸುಕ್ಕಿದ್ದರೆ ಇರಲಿ. ಇನ್ನೊಂದು ಅಪಾಯ ನೀರು. ಎಣ್ಣೆ ಮತ್ತು ಮಸಿಯಿಂದಾದ ಅಚ್ಚಿನ ಶಾಯಿ ನೀರಿಗೆ ಹರಡುವುದಿಲ್ಲ. ಆದರೆ ಅಂಚಿನಲ್ಲಿ ಹಳೆಯ ಓದುಗರು ಬರೆದ ಟಿಪ್ಪಣಿಯದು ಕಬ್ಬಿಣದ ಶಾಯಿ. ಒದ್ದೆಯಾದರೆ ಅದರೊಳಗಿನ ಕಬ್ಬಿಣ ಪಕ್ಕದ ಶುಭ್ರ ಕಾಗದಕ್ಕೆ ಜಾರುತ್ತದೆ, ಕಂದು ವರ್ತುಲ ಆಮೇಲೆ ಕಾಣಿಸಿಕೊಳ್ಳುತ್ತದೆ. ಅಂಥ ಕಡೆ ಜೆಲಾಟಿನ್ ಬಳಿದು ಒಣಗಿಸಿಟ್ಟ ತೆಳು ಜಪಾನಿ ಕಾಗದವನ್ನು ತುಸುವೇ ತೇವಮಾಡಿ ಕೂರಿಸಬೇಕು.

ಉಳಿದ ಹರುಕಿಗೆ ಗೋಧಿ ಪಿಷ್ಟದ ಅಂಟೇ ಸಾಕು. ಮೈದಾ ಬೇಡ, ಅದರ ಗ್ಲುಟೆನ್ ಒಣಗಿ ಬಿರುಸಾಗಿ ಹುಳುವನ್ನೂ ಕರೆಯುತ್ತದೆ. ಒಂದು ಪಾಲು ಪಿಷ್ಟ, ಐದು ಪಾಲು ಶುದ್ಧೀಕರಿಸಿದ ನೀರು. ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುಗಿಸುತ್ತಾ ಇನ್ನರ್ಧ ಗಂಟೆ ಬೇಯಿಸಿ. ಗಂಜಿ ಅರೆಪಾರದರ್ಶಕವಾದಾಗ ಇಳಿಸಿ, ಆರಿದ ಮೇಲೆ ಎರಡು ಮೂರು ಬಾರಿ ಸೋಸಿ, ಕೆನೆಯ ಹದಕ್ಕೆ ತೆಳುಮಾಡಿ. ಹರುಕಿಗೆ ಹಚ್ಚುವ ಜಪಾನಿ ಕಾಗದದ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸದೆ ನೀರಗೆರೆ ಎಳೆದು ಹರಿದರೆ ಅಂಚಿನ ನಾರು ಉಳಿದು ಹಿಡಿತ ಮೃದುವಾಗುತ್ತದೆ. ಅಂಟು ಹೆಚ್ಚಾದರೆ ಹಾಳೆ ಸುರುಟಿಕೊಳ್ಳುತ್ತದೆ, ಪಟ್ಟಿ ದಪ್ಪವಾದರೆ ಅದರ ಪಕ್ಕದಲ್ಲೇ ಹೊಸದಾಗಿ ಹರಿಯುತ್ತದೆ.

ಗೋವಾದ ಮಳೆಗಾಲದಲ್ಲಿ ಈ ಕೆಲಸ ಹಿಡಿಯದಿರುವುದೇ ಲೇಸು. ಗಾಳಿಯ ತೇವಾಂಶ ಶೇ. 65 ದಾಟಿದರೆ ಬೂಷ್ಟು ಚಿಗುರುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಅದು ಶೇ. 85ಕ್ಕೂ ಏರುತ್ತದೆ. ಹಗಲು ಎಸಿ ಹಾಕಿ ಸಂಜೆ ಬೀಗ ಹಾಕುವಾಗ ಆರಿಸುವ ರೂಢಿ ಇನ್ನೂ ಕೆಟ್ಟದ್ದು: ತಣ್ಣಗಾದ ರಟ್ಟಿನ ಮೇಲೆ ರಾತ್ರಿಯ ಬಿಸಿ ತೇವದ ಗಾಳಿ ಬೆವರಾಗಿ ಕೂರುತ್ತದೆ. ಅದಕ್ಕಿಂತ ದಿನವಿಡೀ ಓಡುವ ಚಿಕ್ಕ ತೇವಹಾರಿ ಯಂತ್ರ ಮತ್ತು ಗೋಡೆಯಿಂದ ಒಂದು ಗೇಣು ದೂರದ ಕಪಾಟು ವಾಸಿ.

ವಾಸ್ಕೋ, ಮಡಗಾಂವಿನ ಕನ್ನಡ ಮನೆಗಳಲ್ಲಿ ಅಜ್ಜನ ಕಾಲದ ಪುಸ್ತಕಗಳಿದ್ದರೆ ಅವುಗಳ ಪಾಡೇ ಬೇರೆ. 1870ರ ನಂತರ ಮರದ ತಿರುಳಿನ ಕಾಗದ ಹೆಚ್ಚಾಯಿತು. ಆಮ್ಲ ತುಂಬಿದ ಆ ಹಾಳೆಗಳು ಅವಕ್ಕಿಂತ ಮುನ್ನೂರು ವರ್ಷ ಹಳೆಯ ‘ಕೊಲೊಕ್ವಿಯೊಸ್’ಗಿಂತ ಬೇಗ ಪುಡಿಯಾಗುತ್ತಿವೆ. ಅವಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಅದರ ಗೋಂದು ಹಳದಿಯಾಗಿ ಹಾಳೆಯೊಳಗೆ ಇಳಿದ ಮೇಲೆ ತೆಗೆಯುವುದು ಬಲು ಕಷ್ಟ. ಆಮ್ಲರಹಿತ ರಟ್ಟಿನ ಪೆಟ್ಟಿಗೆ ಮಾಡಿಸಿ ಮಲಗಿಸಿಡಿ, ಮಳೆಗಾಲಕ್ಕೆ ಮುನ್ನ ಮೇ ತಿಂಗಳಲ್ಲೇ ಒಮ್ಮೆ ಪುಟ ಪುಟ ಫೋಟೊ ತೆಗೆದುಕೊಳ್ಳಿ, ಬಿಡಿಯಾದ ಹಾಳೆಗಳನ್ನು ಅವುಗಳ ಜಾಗದಲ್ಲೇ ಇಟ್ಟು ಅಗಲ ಹತ್ತಿಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ.