ಕಾರ್-ಟಿ ಇಮ್ಯುನಿಟಿ ಹೆಚ್ಚಿಸುವ ಇಂಜೆಕ್ಷನ್ನೇ?

ಪ್ರಶ್ನೆ: ತಂದೆಯವರಿಗೆ ಸಿಎಲ್‌ಎಲ್ (ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತ ಕ್ಯಾನ್ಸರ್) ಇದೆ. ಇಮ್ಯುನಿಟಿ ಹೆಚ್ಚಿಸಿ ರಕ್ತ ಕ್ಯಾನ್ಸರ್ ಗುಣಪಡಿಸುವ ಕಾರ್-ಟಿ ಚಿಕಿತ್ಸೆ ಬಂದಿದೆಯಂತೆ. ಅದು ಸಿಗುವವರೆಗೆ ಅಮೃತಬಳ್ಳಿ ಕಷಾಯ ಕೊಡಬಹುದೇ?

ಉತ್ತರ: ಎಷ್ಟು ಸಲ ಬರೆದರೂ ‘ಇಮ್ಯುನಿಟಿ ಹೆಚ್ಚಿಸುವುದು’ ಎಂಬ ಮಾತು ಹೋಗುತ್ತಲೇ ಇಲ್ಲ. ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ.

ಸಿಎಲ್‌ಎಲ್‌ನಲ್ಲಿ ಕೆಟ್ಟಿರುವುದೇ ರೋಗನಿರೋಧಕ ಕೋಶ. ಪ್ರತಿಕಾಯ ತಯಾರಿಸಬೇಕಾದ ಬಿ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣ) ಸಾಯಬೇಕಾದಾಗ ಸಾಯದೆ ರಾಶಿ ಬೀಳುತ್ತವೆ. ರಿಪೋರ್ಟಿನಲ್ಲಿ ಬಿಳಿ ರಕ್ತಕಣ ಒಂದು ಲಕ್ಷ ದಾಟಿದ್ದರೂ ಪದೇ ಪದೇ ನ್ಯುಮೋನಿಯಾ, ಸರ್ಪಸುತ್ತು ಕಾಡುವುದು ಇದಕ್ಕೇ. ಇಲ್ಲಿ ಹೆಚ್ಚಿಸುವುದಾದರೂ ಏನನ್ನು?

ಕಾರ್-ಟಿಯಲ್ಲಿ ನಡೆಯುವುದನ್ನೇ ನೋಡಿ. ರಕ್ತದಿಂದ ಬೇಕಾದ ಕೋಶಗಳನ್ನಷ್ಟೇ ಬೇರ್ಪಡಿಸುವ ಅಫೆರೆಸಿಸ್ ಯಂತ್ರದಲ್ಲಿ ಕೆಲವು ಗಂಟೆ ರಕ್ತ ಹರಿಸಿ, ರೋಗಿಯದೇ ಟಿ ಕೋಶ (ಕೆಟ್ಟ ಕೋಶಗಳನ್ನು ಕೊಲ್ಲುವ ಬಿಳಿ ರಕ್ತಕಣ) ತೆಗೆಯುತ್ತಾರೆ. ಬಿ ಕೋಶದ ಮೇಲಿನ ಸಿಡಿ19 ಎಂಬ ಗುರುತನ್ನು ಹಿಡಿಯುವ ಜೀನನ್ನು, ರೋಗ ತಾರದಂತೆ ಮಾಡಿದ ವೈರಸ್ ಮೂಲಕ ಸೇರಿಸಿ ಬೆಳೆಸುತ್ತಾರೆ. ಅದಕ್ಕೆ ಕೆಲವು ವಾರ ಬೇಕು. ವಾಪಸ್ ಕೊಡುವ ಮುನ್ನ ಮೂರು ದಿನ ಫ್ಲುಡಾರಬಿನ್, ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಔಷಧ ಕೊಟ್ಟು, ಇರುವ ಲಿಂಫೋಸೈಟ್‌ಗಳನ್ನು (ಬಿ, ಟಿ ಮುಂತಾದ ಕೋಶಗಳನ್ನು) ಬೇಕೆಂದೇ ತಗ್ಗಿಸುತ್ತಾರೆ. ಆಮೇಲೆ ಏರಿಸಿದ ಟಿ ಕೋಶಗಳ ದಾಳಿಗೆ ಕ್ಯಾನ್ಸರ್ ಕೋಶಗಳ ಜೊತೆ ಸಿಡಿ19 ಇರುವ ಒಳ್ಳೆಯ ಬಿ ಕೋಶಗಳೂ ಸಾಯುತ್ತವೆ. ಪ್ರತಿಕಾಯ ಕುಸಿದವರಿಗೆ ಇಮ್ಯುನೊಗ್ಲಾಬುಲಿನ್ (ಸಿದ್ಧ ಪ್ರತಿಕಾಯ) ಡ್ರಿಪ್ ಹಾಕಬೇಕಾಗುತ್ತದೆ. ಇದು ಇಮ್ಯುನಿಟಿ ತಗ್ಗಿಸುವ ಚಿಕಿತ್ಸೆ!

ಕೋಶ ಏರಿಸಿದ ಮೊದಲ ವಾರಗಳಲ್ಲಿ ಜ್ವರ ಬಂದು ಬಿಪಿ ಬೀಳಬಹುದು. ಅದಕ್ಕೆ ಟೊಸಿಲಿಜುಮಾಬ್ ಎಂಬ ಔಷಧ ಇದೆ. ಮಿದುಳಿಗೆ ತೊಂದರೆಯಾಗಿದೆಯೇ ಎಂದು ನೋಡಲು ರೋಗಿಯಿಂದ ದಿನವೂ ಒಂದು ವಾಕ್ಯ ಬರೆಸುತ್ತಾರೆ, ನೂರರಿಂದ ಹತ್ತತ್ತು ಕಳೆದು ಎಣಿಸಲು ಹೇಳುತ್ತಾರೆ. ನಿನ್ನೆ ನೆಟ್ಟಗಿದ್ದ ಅಕ್ಷರ ಇವತ್ತು ಸೊಟ್ಟಗಾದರೆ ಡಾಕ್ಟರು ಎಚ್ಚೆತ್ತುಕೊಳ್ಳುತ್ತಾರೆ.

ಕಷಾಯ ಬೇಡ. ಅಮೃತಬಳ್ಳಿಯಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಸಿಎಲ್‌ಎಲ್‌ಗೆ ಕೊಡುವ ಇಬ್ರುಟಿನಿಬ್, ವೆನೆಟೊಕ್ಲಾಕ್ಸ್ ಮಾತ್ರೆಗಳು ಕರಗುವುದೂ ಅದೇ ಯಕೃತ್ತಿನಲ್ಲಿ.

2010ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಾರ್ಲ್ ಜೂನ್ ತಂಡ ಈ ಚಿಕಿತ್ಸೆ ಕೊಟ್ಟದ್ದು ಸಿಎಲ್‌ಎಲ್ ರೋಗಿಗಳಿಗೇ. ಇಬ್ಬರ ರಕ್ತದಲ್ಲಿ ಹತ್ತು ವರ್ಷದ ನಂತರವೂ ಆ ಕೋಶಗಳು ಸಿಕ್ಕವು. ಆದರೂ ಅಮೆರಿಕದಲ್ಲಿ ಸಿಎಲ್‌ಎಲ್‌ಗೆ ಅನುಮತಿ ದೊರೆತದ್ದು 2024ರಲ್ಲಿ, ಅದೂ ಬೇರೆ ಔಷಧಗಳು ಸೋತವರಿಗೆ. ಆ ಅನುಮತಿಗೆ ಆಧಾರವಾದ ಪ್ರಯೋಗದಲ್ಲಿ ರೋಗ ಪೂರ್ತಿ ಇಳಿದದ್ದು ಸುಮಾರು ಐವರಲ್ಲಿ ಒಬ್ಬರಿಗೆ. ಏಕೆಂದರೆ ವರ್ಷಗಟ್ಟಲೆ ಕಾಯಿಲೆಯೊಂದಿಗಿದ್ದ ಟಿ ಕೋಶ ಸೋತಿರುತ್ತದೆ. ಭಾರತದ ಕಾರ್-ಟಿಗಳಾದ ನೆಕ್ಸ್‌ಕಾರ್19, ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕ್ವಾರ್ಟೆಮಿ ಬಂದದ್ದು ಮುಖ್ಯವಾಗಿ ಲಿಂಫೋಮಾ ಎಂಬ ದುಗ್ಧಗ್ರಂಥಿ ಕ್ಯಾನ್ಸರ್‌ಗೆ. ತಂದೆಯವರಿಗೆ ಈಗ ಔಷಧವೇ ಬೇಕೇ ಎಂದು ಮೊದಲು ಕೇಳಿ. ಎಷ್ಟೋ ಸಿಎಲ್‌ಎಲ್ ರೋಗಿಗಳಿಗೆ ವರ್ಷಗಳವರೆಗೆ ತಪಾಸಣೆಯಷ್ಟೇ ಸಾಕು.

ನೀವು ಕೇಳಲಿಲ್ಲ, ಆದರೂ ಸಿಎಂಎಲ್ ಎಂಬ ಇನ್ನೊಂದು ರಕ್ತ ಕ್ಯಾನ್ಸರ್ ಬಗ್ಗೆ ಒಂದು ಮಾತು. ಅಲ್ಲಿ ಹೆಚ್ಚಿನವರಿಗೆ ಇಮಾಟಿನಿಬ್‌ನಂಥ ಮಾತ್ರೆಯೇ ಸಾಕಾಗುತ್ತದೆ. ಆದರೆ ಅಸ್ಥಿಮಜ್ಜೆ ಕಸಿಯ ನಂತರ ರೋಗ ಮರುಕಳಿಸಿದವರಿಗೆ ದಾನಿಯ ಲಿಂಫೋಸೈಟ್ ಕೊಟ್ಟು ಅದನ್ನು ಹಿಮ್ಮೆಟ್ಟಿಸಬಹುದೆಂದು ಮ್ಯೂನಿಕ್‌ನ ಕೋಲ್ಬ್ ತಂಡ 1990ರಲ್ಲೇ ತೋರಿಸಿತ್ತು, ಜೀನ್ ಮುಟ್ಟದೆ. ಜಾಸ್ತಿ ಕೊಟ್ಟರೆ ಆ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೂ ಬೀಳುತ್ತವೆ. ಹಾಗಾಗಿ ಸ್ವಲ್ಪದಿಂದ ಶುರುಮಾಡಿ, ತಿಂಗಳುಗಳ ಅಂತರ ಬಿಟ್ಟು ಡೋಸ್ ಏರಿಸುತ್ತಾರೆ.