ಪದ ಪರಿಚಯ: ಸುಪ್ತ ಮನಸ್ಸು

‘ಸುಪ್ತ’ ಅಂದರೆ ಮಲಗಿರುವುದು. ಸ್ವಪ್ನ, ಸುಷುಪ್ತಿ ಕೂಡ ಇದೇ ಧಾತುವಿನಿಂದ ಬಂದ ಪದಗಳು. ಹಾಗಾಗಿ ‘ಸುಪ್ತ ಮನಸ್ಸು’ ಅಂದ ಕೂಡಲೇ ತಲೆಯ ಮೂಲೆಯಲ್ಲಿ ಏನೋ ನಿದ್ದೆ ಮಾಡುತ್ತಿದೆ ಅನಿಸುತ್ತದೆ, ಅಲ್ವಾ? ನನ್ನ ತಕರಾರು ಇರುವುದು ಇಲ್ಲೇ. ಮನೋವಿಶ್ಲೇಷಣೆ ಶುರುಮಾಡಿದ ವೈದ್ಯ ಫ್ರಾಯ್ಡ್ ಜರ್ಮನ್‌ನಲ್ಲಿ ಬಳಸಿದ ಪದವನ್ನು ನಾವು ಕನ್ನಡದಲ್ಲಿ ಹೀಗೆ ಕರೆಯುತ್ತೇವೆ. ಆದರೆ ಆ ಮೂಲ ಪದಕ್ಕೆ ‘ಅರಿವಿಗೆ ಬಾರದ್ದು’ ಎಂದಷ್ಟೇ ಅರ್ಥ. ಅದು ಮಲಗುವುದಿಲ್ಲ. ನಾವು ಮಲಗಿದಾಗಲೂ ಕೆಲಸ ಮಾಡುತ್ತದೆ. ನಮ್ಮದೇ ‘ಒಳಮನಸ್ಸು’ ಅನ್ನುವ ಮಾತು ಇದಕ್ಕೆ ಜಾಸ್ತಿ ಹೊಂದುತ್ತದೆ.

ಒಳಮನಸ್ಸು ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ನಮ್ಮ ಮನೆಯದೇ ಒಂದು ಉದಾಹರಣೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಗಂಗಾವತಿ ಹತ್ತಿರ ನಮ್ಮ ಚಿಗವ್ವ ಆಗಷ್ಟೇ ಭತ್ತ ನಾಟಿ ಮಾಡಿಸಿದ್ದಳು. ಡ್ಯಾಮು ಖಾಲಿಯಾದರೆ ಕಾಲುವೆಗೆ ನೀರೆಲ್ಲಿ? ಆದರೆ ಅವಳು ಆ ಮಾತೇ ಎತ್ತಲಿಲ್ಲ. ರೊಟ್ಟಿ ಬಡಿದಳು, ಬಂದವರಿಗೆ ಚಹಾ ಕೊಟ್ಟಳು. ಎರಡು ದಿನ ಬಿಟ್ಟು ಬೆಳಿಗ್ಗೆ ಅಂದಳು: “ಬಚ್ಚಲದಾಗ ನಳ ಬಂದ್ ಮಾಡಾಕ ಹೋದ್ರ ಚಾವಿ ಕೈಯಾಗ ಬಂತು ನೋಡು. ನೀರು ಹರದು ಹೊಂಟೈತಿ, ನಾ ಸೆರಗು ಒತ್ತಿ ಹಿಡಕೊಂಡು ಕುಂತೀನಿ. ಎಂಥಾ ಹುಚ್ಚು ಕನಸು ಬಿತ್ತೋ!”

ಫ್ರಾಯ್ಡ್ ಹೇಳಿದ್ದು ಇದನ್ನೇ. ಕನಸಿಗೆ ಎರಡು ಪದರ: ಕಾಣುವ ಕಥೆ ಒಂದು, ಒಳಗೆ ಅಡಗಿದ ವಿಷಯ ಇನ್ನೊಂದು. ದೊಡ್ಡ ಚಿಂತೆಯ ಭಾರ ಸಣ್ಣ ವಸ್ತುವಿನ ಮೇಲೆ ಹೋಗಿ ಕೂರುತ್ತದೆ. ಡ್ಯಾಮು ನಳವಾಯಿತು, ಚೈನು ಚಾವಿಯಾಯಿತು. ಪ್ರತಿ ಕನಸಿನ ಹಿಂದೆಯೂ ಒಂದು ಆಸೆ ಇದೆ ಎಂದೂ ಅವರು ವಾದಿಸಿದರು. ಎಲ್ಲ ಕನಸಿಗೂ ಅದು ಒಪ್ಪುತ್ತದೆ ಅನ್ನುವುದನ್ನು ನಾನು ನಂಬಲಾರೆ. ಆದರೆ ಸೆರಗು ಒತ್ತಿ ನೀರು ತಡೆಯುವ ಆ ಕೈಯಲ್ಲಿ ಆಸೆ ಕಾಣುತ್ತದೆ. ಮೊದಲು ಫ್ರಾಯ್ಡ್ ಜೊತೆಗಿದ್ದ ಮನೋವೈದ್ಯ ಯೂಂಗ್ ಬೇರೆ ದಾರಿ ಹಿಡಿದರು: ಎಚ್ಚರದ ಮನಸ್ಸು ಕಡೆಗಣಿಸಿದ್ದನ್ನು ಕನಸು ಮುಂದಿಟ್ಟು ಸರಿದೂಗಿಸುತ್ತದೆ ಅಂದರು.

1953ರಲ್ಲಿ ಷಿಕಾಗೋದ ನಿದ್ದೆ ಸಂಶೋಧಕರಾದ ಅಸೆರಿನ್‌ಸ್ಕಿ, ಕ್ಲೈಟ್‌ಮನ್ ಕಣ್ಣುಗುಡ್ಡೆ ಸರಸರನೆ ಓಡಾಡುವ ನಿದ್ದೆಯನ್ನು ಗುರುತಿಸಿದರು. ಆಗ ಎಬ್ಬಿಸಿದರೆ ಬಹಳ ಜನ ಕನಸು ಹೇಳುತ್ತಾರೆ. ಆ ಹೊತ್ತಿನಲ್ಲಿ ಮೆದುಳಿನ ಭಾವನೆಯ ಭಾಗ ಚುರುಕಾಗಿರುತ್ತದೆ, ತರ್ಕದ ಭಾಗ ಸಡಿಲವಾಗಿರುತ್ತದೆ. ಸೆರಗಿನಿಂದ ನೀರು ನಿಲ್ಲುತ್ತದಾ ಅಂತ ಕನಸಿನಲ್ಲಿ ಕೇಳುವವರೇ ಇಲ್ಲ. ಮೆದುಳಿನ ಬುಡದಲ್ಲಿರುವ ಮಿದುಳುಕಾಂಡದ ಸಂಕೇತಗಳನ್ನು ಮೆದುಳು ಸುಮ್ನೆ ಕಥೆಯಾಗಿ ಹೊಲಿಯುತ್ತದೆ ಎಂದು 1977ರಲ್ಲಿ ಹಾಬ್ಸನ್, ಮೆಕಾರ್ಲಿ ಎಂಬ ಸಂಶೋಧಕರು ಅಂದರು. ನೋವಿನ ನೆನಪುಗಳ ಕಾವನ್ನು ಈ ನಿದ್ದೆ ಇಳಿಸುತ್ತದೆ ಅನ್ನುವವರೂ ಇದ್ದಾರೆ. ಈ ಜಗಳ ಇನ್ನೂ ಮುಗಿದಿಲ್ಲ.

ವಾರದ ಹೊತ್ತಿಗೆ ಡ್ಯಾಮಿಗೆ ತಾತ್ಕಾಲಿಕ ಗೇಟು ಕೂತಿತು. ಆಗ ಚಿಗವ್ವನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಾಯಿಬಿಟ್ಟು ಅಂದ್ರ ಖರೇ ಆಗಿಬಿಡ್ತೈತಿ ಅಂತ ಡ್ಯಾಮಿನ ಹೆಸರೇ ತಗದಿದ್ದಿಲ್ಲ ನಾ” ಅಂದಳು.